ಹೇಳಿಕೊಳ್ಳದ ಬಾಧೆ: ಪ್ರಾಯ ಸಂದ ಪುರುಷರಿಗೂ ಅವರ ಮನೆಯವರಿಗೂ ಒಂದು ಕಿವಿಮಾತು

ಯಾವ ಧರ್ಮಕೇಂದ್ರಕ್ಕೆ ಹೋದರೂ ಭಾನುವಾರದ ಬಲಿಪೂಜೆಯ ವೇಳೆ ಕೊನೆಯ ಬೆಂಚಿನಲ್ಲಿ, ಪಕ್ಕದ ಬಾಗಿಲಿಗೆ ಸಮೀಪವಾಗಿ, ಕೆಲವು ಹಿರಿಯ ಪುರುಷರು ಕುಳಿತಿರುವುದನ್ನು ಕಾಣಬಹುದು. ಪ್ರವಚನದ ನಡುವೆ ಅವರು ಮೆಲ್ಲನೆ ಎದ್ದು ಹೊರಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿನ ಬಳಿಕ ತಲೆ ತಗ್ಗಿಸಿ ಮರಳಿ ಬರುತ್ತಾರೆ. ಇದನ್ನು ಭಕ್ತಿಯ ಕೊರತೆಯೆಂದೇ ನಾವು ಬಹುಕಾಲ ಭಾವಿಸಿದ್ದೆವು. ಬೀಡಿ ಸೇದಲು, ಲೋಕಾಭಿರಾಮ ಮಾತಾಡಲು ಹೊರಗೆ ಹೋಗುತ್ತಾರೆಂದು ಒಮ್ಮೆ ಪ್ರವಚನ ಪೀಠದಿಂದಲೇ ಚುಚ್ಚಿ ನುಡಿದದ್ದೂ ಉಂಟು. ಆ ಮಾತು ಎಷ್ಟು ಅನ್ಯಾಯದ್ದಾಗಿತ್ತೆಂಬುದು ನಮಗೆ ತಿಳಿದದ್ದು ಮೊಂತಿ ಹಬ್ಬದ ಒಂದು ರಾತ್ರಿ.

ಆ ರಾತ್ರಿ ಎರಡು ಗಂಟೆಯ ಸುಮಾರಿಗೆ ನಮ್ಮ ನಿವಾಸದ ದೂರವಾಣಿ ಬಡಿದುಕೊಂಡಿತು. ಎಪ್ಪತ್ತು ದಾಟಿದ ಓರ್ವ ಕೃಷಿಕರ ಪತ್ನಿ ಮಾತಾಡುತ್ತಿದ್ದರು. "ಫಾದರ್, ಇವರಿಗೆ ಹೊಟ್ಟೆನೋವು ತಡೆಯಲಾಗುತ್ತಿಲ್ಲ, ಒಮ್ಮೆ ಬರಬೇಕು" ಎಂದರು. ಆ ಮಹನೀಯರು ಬಹಳ ವರ್ಷ ತಮ್ಮ ವಾಳೆಯ ಗುರ್ಕಾರರಾಗಿ ದುಡಿದವರು. ಹೃದಯಾಘಾತವಿರಬಹುದೆಂದು ಹೆದರಿ ನಾವು ಅಭ್ಯಂಗದ ಎಣ್ಣೆಯನ್ನೂ ಹಿಡಿದುಕೊಂಡೇ ಹೋದೆವು. ಅವರು ಮಂಚದ ಅಂಚಿನಲ್ಲಿ ಬೆವತು ಬಾಗಿ ಕುಳಿತಿದ್ದರು. ಪತ್ನಿಯನ್ನು ನೀರು ತರುವ ನೆಪದಲ್ಲಿ ಒಳಗೆ ಕಳುಹಿಸಿ, ನಮ್ಮ ಕಿವಿಯಲ್ಲಿ ಹೇಳಿದರು: "ಮಧ್ಯಾಹ್ನದಿಂದ ಮೂತ್ರ ಹೋಗಿಲ್ಲ, ಫಾದರ್. ಅವಳಿಗೆ ಹೇಳಬೇಡಿ."

ಆಸ್ಪತ್ರೆಯಲ್ಲಿ ಕ್ಯಾಥೆಟರ್ ಎಂಬ ನಳಿಕೆ ಹಾಕಿದಾಗ ಒಂದು ಲೀಟರಿಗೂ ಮಿಕ್ಕಿ ಮೂತ್ರ ಹೊರಬಂತು. ಸಾಧಾರಣವಾಗಿ ಮನುಷ್ಯನ ಮೂತ್ರಕೋಶ ಹಿಡಿಯುವುದು 400ರಿಂದ 500 ಮಿಲಿಲೀಟರ್ ಮಾತ್ರ. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಗಳಿಗೂ ಹಾನಿಯಾಗಿರುವುದು ಕಂಡುಬಂತು. ತೊಂದರೆ ಎಷ್ಟು ಕಾಲದಿಂದ ಇದೆಯೆಂದು ವೈದ್ಯರು ಕೇಳಿದಾಗ "ನಾಲ್ಕು ವರ್ಷ" ಎಂಬ ಉತ್ತರ ಬಂತು. ಬಾಗಿಲ ಬಳಿ ನಿಂತಿದ್ದ ಪತ್ನಿ ಅದನ್ನು ಕೇಳಿಸಿಕೊಂಡರು. "ನಲವತ್ತೊಂದು ವರ್ಷ ಒಟ್ಟಿಗೆ ಬಾಳಿದವಳಿಗೆ ಇದೊಂದು ಮಾತು ಹೇಳಬಾರದಿತ್ತೇ?" ಎಂದು ಅವರು ಕೇಳಿದ್ದು ಇಂದಿಗೂ ನಮ್ಮ ಕಿವಿಯಲ್ಲಿದೆ.

ಆ ನಾಲ್ಕು ವರ್ಷಗಳಲ್ಲಿ ಅವರು ಕಳೆದುಕೊಂಡದ್ದೇನೆಂಬುದು ಆಮೇಲೆ ಒಂದೊಂದಾಗಿ ತಿಳಿಯಿತು. ಬೆಂಗಳೂರಿನಲ್ಲಿ ಮೊಮ್ಮಗಳ ಜ್ಞಾನಸ್ನಾನಕ್ಕೆ ಹೋಗಿರಲಿಲ್ಲ. ರಾತ್ರಿ ಬಸ್ಸು ಕೇಳಿದಲ್ಲಿ ನಿಲ್ಲುವುದಿಲ್ಲ ಎಂಬುದೊಂದೇ ಕಾರಣ. ಬಂಧುಗಳ ರೋಸ್, ಮದುವೆಗಳಿಗೂ ಹೋಗುವುದನ್ನು ಬಿಟ್ಟಿದ್ದರು. ಮಗಳು ತಂದೆ ಮುನಿಸಿಕೊಂಡಿದ್ದಾರೆಂದು ತಿಳಿದಿದ್ದಳು. ನಾವು ಅವರಿಗೆ ಭಕ್ತಿ ಕಡಿಮೆಯಾಗಿದೆಯೆಂದು ತಿಳಿದಿದ್ದೆವು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

1752ರ ಎರಡು ಉದಾಹರಣೆಗಳು

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ನಾವು ರೂಸೋನ ರಾಜಕೀಯ ಸಿದ್ಧಾಂತವನ್ನು ಗಂಟೆಗಟ್ಟಲೆ ಚರ್ಚಿಸಿದ್ದೆವು. ಆತ ಜೀವನವಿಡೀ ಮೂತ್ರಬಾಧೆಯಿಂದ ನರಳಿದವನೆಂಬುದು ನಮ್ಮ ಚರ್ಚೆಯಲ್ಲಿ ಬರಲೇ ಇಲ್ಲ. 1752ರ ಅಕ್ಟೋಬರಿನಲ್ಲಿ ಆತ ರಚಿಸಿದ ಗೀತನಾಟಕವೊಂದು ಫ್ರಾನ್ಸಿನ ಫಾಂಟೆನ್‌ಬ್ಲೋ ಅರಮನೆಯಲ್ಲಿ ದೊರೆ ಹದಿನೈದನೆಯ ಲೂಯಿಯ ಮುಂದೆ ಪ್ರದರ್ಶಿತವಾಯಿತು. ದೊರೆಗೆ ಅದು ಬಹಳ ಮೆಚ್ಚಿಗೆಯಾಗಿ ಮರುದಿನ ತನ್ನನ್ನು ಕಾಣಬೇಕೆಂದು ಹೇಳಿಕಳುಹಿಸಿದ. ವರ್ಷಾಶನ ದೊರೆಯುವ ಸಂಭವವೂ ಇತ್ತು. ರೂಸೋ ಹೋಗಲಿಲ್ಲ, ಬೆಳಗಾದೊಡನೆ ಊರು ಬಿಟ್ಟ. ತನ್ನ ಸಂಕೋಚದ ಸ್ವಭಾವ, ಸ್ವಾತಂತ್ರ್ಯ ಕಳೆದುಕೊಳ್ಳುವ ಭಯ ಮುಂತಾದ ಕಾರಣಗಳನ್ನು ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆದರೆ ಆತ ಮೊದಲು ಯೋಚಿಸಿದ್ದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾದ ತಾನು ದೊರೆಯ ಸನ್ನಿಧಿಯಲ್ಲಿ ಹೇಗೆ ಕಾಯುವುದು ಎಂಬುದನ್ನು. ಆಗ ಆತನಿಗೆ 40 ವರ್ಷ.

ಅದೇ ವರ್ಷದ ಡಿಸೆಂಬರಿನಲ್ಲಿ, ಅಟ್ಲಾಂಟಿಕ್ ಸಾಗರದ ಆಚೆ ಫಿಲಡೆಲ್ಫಿಯಾದಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ತನ್ನ ಅಣ್ಣ ಜಾನ್‌ಗೆ ಒಂದು ಪತ್ರ ಬರೆದ. ಅಣ್ಣ ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದು ಅದನ್ನು ತಮ್ಮನಿಗೆ ತಿಳಿಸಿದ್ದ. ಆಗಿನ ಕ್ಯಾಥೆಟರುಗಳು ಬಿರುಸಾದ ಲೋಹದ ಕೊಳವೆಗಳಾಗಿದ್ದು ಬಹಳ ಯಾತನೆ ಕೊಡುತ್ತಿದ್ದವು. ಫ್ರಾಂಕ್ಲಿನ್ ಬಾಗುವಂಥ ಒಂದು ಬೆಳ್ಳಿಯ ನಳಿಕೆಯನ್ನು ಕಲ್ಪಿಸಿಕೊಂಡು, ಬೆಳ್ಳಿ ಕೆಲಸದವನ ಅಂಗಡಿಗೆ ಹೋಗಿ, ಮುಗಿಯುವ ತನಕ ಪಕ್ಕದಲ್ಲೇ ಕುಳಿತು ಮಾಡಿಸಿ ಅಣ್ಣನಿಗೆ ಕಳುಹಿಸಿಕೊಟ್ಟ. ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷಿಸಿದನೆಂದು ಶಾಲಾ ಪುಸ್ತಕಗಳು ಹೇಳುವುದೂ ಇದೇ ಫ್ರಾಂಕ್ಲಿನ್‌ನನ್ನು, ಇದೇ ವರ್ಷದಲ್ಲಿ.

ಒಬ್ಬ ತನ್ನ ಬಾಧೆಯನ್ನು ಬಚ್ಚಿಟ್ಟು ಓಡಿಹೋದ. ಇನ್ನೊಬ್ಬ ಸ್ವಂತ ತಮ್ಮನಿಗೆ ಹೇಳಿಕೊಂಡು ನೆರವು ಪಡೆದ. ಇಂದು ಔಷಧಿ, ಉಪಕರಣಗಳು ಅಂದಿಗಿಂತ ಎಷ್ಟೋ ಮುಂದುವರಿದಿವೆ. ಆದರೆ ನಮ್ಮ ಮನೆಗಳ ಪುರುಷರು ಈಗಲೂ ಹೆಚ್ಚಾಗಿ ರೂಸೋನ ದಾರಿಯನ್ನೇ ಹಿಡಿಯುತ್ತಾರೆ.

ಗ್ರಂಥಿಯ ಪರಿಚಯ

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರ ಇರುವ ಒಂದು ಗ್ರಂಥಿ. ಅದರ ಸ್ಥಾನ ಮೂತ್ರಕೋಶದ ಕೆಳಭಾಗದಲ್ಲಿ. ಯೌವನದಲ್ಲಿ ಅದರ ಗಾತ್ರ ಅಕ್ರೋಟಿನಷ್ಟು, ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವಾಂಶದ ಒಂದು ಭಾಗವನ್ನು ಉತ್ಪಾದಿಸುವುದು ಅದರ ಕಾರ್ಯ. ಮೂತ್ರವು ಹೊರಗೆ ಹರಿಯುವ ನಾಳ ಈ ಗ್ರಂಥಿಯ ನಡುವಿನಿಂದಲೇ ಹಾದುಹೋಗುತ್ತದೆ. ನಡುವಯಸ್ಸು ದಾಟಿದಂತೆ ಗ್ರಂಥಿಯ ಒಳಭಾಗ ನಿಧಾನವಾಗಿ ಬೆಳೆಯುತ್ತದೆ. ಬೆಳೆದಂತೆಲ್ಲ ನಡುವಿನ ನಾಳವನ್ನು ಒತ್ತುತ್ತದೆ. ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯ ಮೇಲೆ ಕಾಲಿಟ್ಟಂತೆ ಎನ್ನಬಹುದು.

ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರಾಗಿ ಮಾರ್ಪಡುವಂಥದೂ ಅಲ್ಲ. ತಲೆಗೂದಲು ನರೆಯುವಂತೆ ವಯಸ್ಸಿನೊಡನೆ ಬರುವ ಬದಲಾವಣೆಯಿದು. 60ರ ವಯಸ್ಸಿನ ಹೊತ್ತಿಗೆ ಸುಮಾರು ಅರ್ಧದಷ್ಟು ಪುರುಷರಲ್ಲಿಯೂ, 80 ದಾಟಿದವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಎಂಟು ಮಂದಿಯಲ್ಲಿಯೂ ಇದು ಕಂಡುಬರುತ್ತದೆ. ಎಲ್ಲರಿಗೂ ತೊಂದರೆ ಆಗುವುದಿಲ್ಲ. ಗ್ರಂಥಿ ದೊಡ್ಡದಾಗಿದ್ದೂ ನಿಶ್ಚಿಂತೆಯಿಂದ ಇರುವವರಿದ್ದಾರೆ. ಸ್ವಲ್ಪವೇ ಬೆಳೆದಿದ್ದರೂ ಬಹಳ ಕಷ್ಟಪಡುವವರೂ ಇದ್ದಾರೆ.

ಲಕ್ಷಣಗಳನ್ನು ಅಳೆಯಲು ವೈದ್ಯರು ಏಳು ಪ್ರಶ್ನೆಗಳನ್ನು ಬಳಸುತ್ತಾರೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 1992ರಲ್ಲಿ ರೂಪಿಸಿದ ಈ ಪ್ರಶ್ನೆಗಳು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಮೂತ್ರ ಮಾಡಿದ ಮೇಲೂ ಪೂರ್ತಿ ಖಾಲಿಯಾಗಿಲ್ಲವೆಂದು ಅನಿಸುವುದೇ? ಎರಡು ಗಂಟೆ ಕಳೆಯುವ ಮೊದಲೇ ಮತ್ತೆ ಹೋಗಬೇಕಾಗುವುದೇ? ಧಾರೆ ನಿಂತು ನಿಂತು ಬರುವುದೇ? ತಡೆದುಕೊಳ್ಳಲು ಕಷ್ಟವಾಗುವುದೇ? ಧಾರೆ ದುರ್ಬಲವಾಗಿದೆಯೇ? ಆರಂಭಿಸಲು ಮುಕ್ಕಬೇಕಾಗುವುದೇ? ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ? ಒಂದೊಂದಕ್ಕೂ 0ಯಿಂದ 5ರ ತನಕ ಅಂಕ. ಒಟ್ಟು 7ರ ಒಳಗಿದ್ದರೆ ತೊಂದರೆ ಸಣ್ಣದು. 8ರಿಂದ 19ರ ತನಕ ಮಧ್ಯಮ. 20ರ ಮೇಲೆ ತೀವ್ರ. ಜೀವಮಾನವಿಡೀ ಈ ಸ್ಥಿತಿಯಲ್ಲೇ ಕಳೆಯಬೇಕಾದರೆ ಹೇಗನಿಸುತ್ತದೆ ಎಂಬುದು ಆ ಪತ್ರಿಕೆಯ ಕೊನೆಗೆ ಸೇರಿಸಿದ ಎಂಟನೆಯ ಪ್ರಶ್ನೆ. ನಮ್ಮ ಗುರ್ಕಾರರಿಗೆ ಯಾರಾದರೂ ನಾಲ್ಕು ವರ್ಷ ಮೊದಲೇ ಈ ಪ್ರಶ್ನೆಯನ್ನು ಕೇಳಬೇಕಾಗಿತ್ತು.

ಹಠಾತ್ತಾಗಿ ಕಟ್ಟಿಕೊಂಡಾಗ

ಆ ರಾತ್ರಿ ಅವರಿಗೆ ಆದದ್ದು ಅಕಸ್ಮಾತ್ ಆಗಿರಲಿಲ್ಲ. ಮಳೆಗಾಲದ ಶೀತಕ್ಕೆಂದು ಎರಡು ದಿನ ಅಂಗಡಿಯಿಂದ ಮಾತ್ರೆ ತಂದು ನುಂಗಿದ್ದರು; ಹಬ್ಬದ ಮಧ್ಯಾಹ್ನ ನೆಂಟರೊಡನೆ ಎರಡು ಗ್ಲಾಸು ಮದ್ಯವನ್ನೂ ಸೇವಿಸಿದ್ದರು. ಮೂಗು ಕಟ್ಟಿದ್ದನ್ನು ಬಿಡಿಸುವ ಮಾತ್ರೆಗಳಲ್ಲಿರುವ ಕೆಲವು ಔಷಧಾಂಶಗಳು ಮೂತ್ರಕೋಶದ ಬಾಯಿಯ ಸ್ನಾಯುಗಳನ್ನು ಬಿಗಿಗೊಳಿಸುತ್ತವೆ. ಸೀನು, ತುರಿಕೆಗೆ ಕೊಡುವ, ನಿದ್ದೆ ಬರಿಸುವ ಹಳೆಯ ಮಾತ್ರೆಗಳು ಮೂತ್ರಕೋಶದ ಸಂಕೋಚನ ಶಕ್ತಿಯನ್ನು ಕುಗ್ಗಿಸುತ್ತವೆ. ಮದ್ಯ, ಮಲಬದ್ಧತೆ, ಬಹುಹೊತ್ತು ಮೂತ್ರ ತಡೆದುಕೊಳ್ಳುವುದು ಇವೂ ಸೇರಿದರೆ ಮೊದಲೇ ಇಕ್ಕಟ್ಟಾಗಿರುವ ದಾರಿ ಪೂರ್ತಿ ಮುಚ್ಚಿಹೋಗಬಹುದು. ಆದುದರಿಂದ ಪ್ರಾಸ್ಟೇಟ್ ತೊಂದರೆ ಇರುವವರು ಶೀತದ ಮಾತ್ರೆಯನ್ನು ವೈದ್ಯರಲ್ಲಿ ಕೇಳದೆ ತೆಗೆದುಕೊಳ್ಳಬಾರದು. ಮೂತ್ರ ಪೂರ್ತಿ ಕಟ್ಟಿಕೊಂಡರೆ ಬೆಳಗಿನ ತನಕ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೆಚ್ಚು ನೀರು ಕುಡಿದರೆ ಬಿಟ್ಟೀತೆಂಬ ನಂಬಿಕೆ ತಪ್ಪು. ಅದರಿಂದ ಯಾತನೆ ಹೆಚ್ಚುತ್ತದೆ.

ನೋವಿಲ್ಲದೆ ನಿಧಾನವಾಗಿ ಕಟ್ಟಿಕೊಳ್ಳುವುದು ಇದಕ್ಕಿಂತಲೂ ಮೋಸದ್ದು. ಮೂತ್ರಕೋಶ ತಿಂಗಳುಗಟ್ಟಲೆ ಹಿಗ್ಗಿ, ಒತ್ತಡ ಮೇಲಕ್ಕೆ ಸರಿದು ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ರೋಗಿಗೆ ತಿಳಿಯುವುದೇ ಇಲ್ಲ. ವಯಸ್ಸಾದ ಗಂಡಸು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡತೊಡಗಿದರೆ ಅದು ತುಂಬಿ ತುಳುಕುವ ಮೂತ್ರಕೋಶದ ಸೂಚನೆಯಾಗಿರಬಹುದು. ಮುಪ್ಪಿನ ಮರುಳೆಂದು ಗದರಿಸುವ ಮೊದಲು, ಅಥವಾ ಬೇರೆ ಕೋಣೆಗೆ ಹಾಸಿಗೆ ಹಾಕುವ ಮೊದಲು, ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು.

ಪರೀಕ್ಷೆ ಮತ್ತು ಚಿಕಿತ್ಸೆ

ವೈದ್ಯರಲ್ಲಿಗೆ ಹೋದೊಡನೆ ಚಾಕು ಹಿಡಿಯುತ್ತಾರೆಂಬ ಭಯ ನಮ್ಮವರಲ್ಲಿ ಬಹಳ. ವಾಸ್ತವದಲ್ಲಿ ಮೊದಲು ಮೂತ್ರ ಮತ್ತು ರಕ್ತಪರೀಕ್ಷೆ, ಮೂತ್ರ ಮಾಡಿದ ಬಳಿಕ ಒಳಗೆ ಎಷ್ಟು ಉಳಿದಿದೆಯೆಂದು ತಿಳಿಯಲು ಸ್ಕ್ಯಾನಿಂಗ್, ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯ ಪರೀಕ್ಷೆ, ಇಷ್ಟೇ ನಡೆಯುತ್ತದೆ. ಕೊನೆಯದಕ್ಕೆ ನಾಚಿ ಓಡಿಹೋಗುವವರಿದ್ದಾರೆ. ಅದಕ್ಕೆ ತಗಲುವುದು ಒಂದು ನಿಮಿಷಕ್ಕೂ ಕಡಿಮೆ ಸಮಯ.

ತೊಂದರೆ ಸಣ್ಣದಾಗಿದ್ದರೆ ಅಭ್ಯಾಸಗಳ ತಿದ್ದುಪಡಿಯೇ ಸಾಕಾಗಬಹುದು. ಮಲಗುವ ಎರಡು ಮೂರು ಗಂಟೆ ಮೊದಲು ನೀರು, ಚಹಾ, ಕಾಫಿ, ಮದ್ಯವನ್ನು ಮಿತಗೊಳಿಸಬೇಕು. ಆದರೆ ಹಗಲು ನೀರು ಕುಡಿಯುವುದನ್ನು ಬಿಡಬಾರದು. ರಕ್ತದ ಒತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದರ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರಲ್ಲಿ ವಿಚಾರಿಸಬೇಕು.

ಇದರಿಂದ ಸಾಲದಾದರೆ ಮಾತ್ರೆಗಳಿವೆ. ಟ್ಯಾಮ್ಸುಲೋಸಿನ್ ಮುಂತಾದವು ಬಿಗಿದ ಸ್ನಾಯುಗಳನ್ನು ಸಡಿಲಗೊಳಿಸಿ ಕೆಲವೇ ದಿನಗಳಲ್ಲಿ ಧಾರೆಯನ್ನು ಸರಾಗಗೊಳಿಸುತ್ತವೆ. ಇವನ್ನು ಸೇವಿಸುವವರು ಹಾಸಿಗೆಯಿಂದ ಥಟ್ಟನೆ ಎದ್ದರೆ ತಲೆತಿರುಗಬಹುದು. ಸ್ವಲ್ಪ ಕುಳಿತು ಆಮೇಲೆ ಏಳಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸುವವರು ಈ ಮಾತ್ರೆಯ ವಿಷಯವನ್ನು ಕಣ್ಣಿನ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಅದು ಕಣ್ಣಿನ ಪಾಪೆಯನ್ನೂ ಸಡಿಲಗೊಳಿಸಿ ಶಸ್ತ್ರಚಿಕಿತ್ಸೆಯನ್ನು ಕಷ್ಟಗೊಳಿಸುತ್ತದೆ. ಫಿನಾಸ್ಟರೈಡ್ ಎಂಬ ಇನ್ನೊಂದು ಮಾತ್ರೆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಅದರ ಫಲ ಕಾಣಲು ಆರು ತಿಂಗಳಾದರೂ ಬೇಕು. ದಾಂಪತ್ಯ ಜೀವನದ ಮೇಲೆ ಅದರ ಪರಿಣಾಮ ಕೆಲವರಲ್ಲಿ ಕಂಡುಬರುವುದರಿಂದ ಪತಿಪತ್ನಿಯರಿಬ್ಬರೂ ವೈದ್ಯರಲ್ಲಿ ಮುಚ್ಚುಮರೆಯಿಲ್ಲದೆ ಕೇಳಿ ತಿಳಿಯುವುದು ಒಳ್ಳೆಯದು.

ಮಾತ್ರೆಯಿಂದ ಗುಣವಾಗದಿದ್ದರೆ ಅಥವಾ ಮೂತ್ರಪಿಂಡಕ್ಕೆ ಅಪಾಯವಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಉಪಕರಣ ತೂರಿಸಿ ಅಡ್ಡವಾಗಿರುವ ಭಾಗವನ್ನು ಕೆತ್ತಿ ತೆಗೆಯುವುದೇ ಇಂದು ಸಾಮಾನ್ಯ ಕ್ರಮ. ಲೇಸರ್ ಕಿರಣದಿಂದಲೂ ಮಾಡುತ್ತಾರೆ. ಆ ಬಳಿಕ ವೀರ್ಯವು ಹೊರಬರುವ ಬದಲು ಮೂತ್ರಕೋಶಕ್ಕೆ ಹಿಂದೆ ಸರಿಯುವುದು ಸಾಮಾನ್ಯ. ಅದರಿಂದ ಆರೋಗ್ಯಕ್ಕೆ ಹಾನಿಯಿಲ್ಲ. ಇಲ್ಲಿ ತೆಗೆಯುವುದು ಗ್ರಂಥಿಯ ಒಳಭಾಗವನ್ನು ಮಾತ್ರ. ಹೊರಭಾಗ ಹಾಗೆಯೇ ಉಳಿಯುವುದರಿಂದ, ಒಮ್ಮೆ ಶಸ್ತ್ರಚಿಕಿತ್ಸೆಯಾದರೆ ಕ್ಯಾನ್ಸರ್ ಬರಲಾರದೆಂದು ತಿಳಿಯಬಾರದು.

ಕ್ಯಾನ್ಸರಿನ ಪ್ರಶ್ನೆ

ಪ್ರಾಸ್ಟೇಟಿನ ಕ್ಯಾನ್ಸರ್ ಬೇರೆಯೇ ರೋಗ. ಆರಂಭದಲ್ಲಿ ಅದು ಹೆಚ್ಚಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ತಡವಾಗಿ ಗೊತ್ತಾದವರಲ್ಲಿ ಕೆಲವರಿಗೆ ಬೆನ್ನು, ಸೊಂಟದ ಎಲುಬುಗಳ ಬಿಡದ ನೋವೇ ಮೊದಲ ಸೂಚನೆಯಾಗಿರುತ್ತದೆ. ತಂದೆಗೆ ಅಥವಾ ಸಹೋದರನಿಗೆ ಈ ರೋಗ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು ಹೆಚ್ಚು. ಆದುದರಿಂದ ಈ ರೋಗ ಬಂದ ತಂದೆ ಅದನ್ನು ಗಂಡುಮಕ್ಕಳಿಂದ ಬಚ್ಚಿಡುವುದು ಅವರಿಗೆ ಅನ್ಯಾಯ ಮಾಡಿದಂತೆ.

ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಹೆಸರನ್ನು ಅನೇಕರು ಕೇಳಿರಬಹುದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1986ರಲ್ಲಿ ರೋಗಿಗಳ ನಿಗಾವಣೆಗಾಗಿ, 1994ರಲ್ಲಿ ರೋಗ ಪತ್ತೆಗೆ ನೆರವಾಗಿ ಇದಕ್ಕೆ ಒಪ್ಪಿಗೆ ನೀಡಿತು. ಅಂಕಿ ಏರಿದರೆ ಕ್ಯಾನ್ಸರೇ ಎಂದು ಅರ್ಥವಲ್ಲ. ಗ್ರಂಥಿ ದೊಡ್ಡದಾದರೂ, ಸೋಂಕು ತಗಲಿದರೂ, ಕ್ಯಾಥೆಟರ್ ಹಾಕಿದರೂ ಅದು ಏರುತ್ತದೆ. ಫಿನಾಸ್ಟರೈಡ್ ಸೇವಿಸುವವರಲ್ಲಿ ಅಂಕಿ ಸುಮಾರು ಅರ್ಧಕ್ಕೆ ಇಳಿದು ಮೋಸಗೊಳಿಸುವುದೂ ಉಂಟು. ರೋಗಲಕ್ಷಣವಿಲ್ಲದ ಎಲ್ಲರಿಗೂ ಈ ಪರೀಕ್ಷೆ ಬೇಕೇ ಎಂಬ ಬಗ್ಗೆ ವೈದ್ಯಲೋಕದಲ್ಲಿ ದೀರ್ಘ ಚರ್ಚೆ ನಡೆದಿದೆ. ಅಮೆರಿಕದ ತಜ್ಞಮಂಡಳಿ 2012ರಲ್ಲಿ ಬೇಡವೆಂದಿತು; 2018ರಲ್ಲಿ, 55ರಿಂದ 69ರ ವಯಸ್ಸಿನವರು ಸಾಧಕಬಾಧಕಗಳನ್ನು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ ಎಂದಿತು. ನಿಧಾನವಾಗಿ ಬೆಳೆಯುವ, ಪ್ರಾಣಕ್ಕೆ ಅಪಾಯ ತರದ ಎಷ್ಟೋ ಕ್ಯಾನ್ಸರುಗಳೂ ಇದರಲ್ಲಿ ಪತ್ತೆಯಾಗಿ, ಅನಗತ್ಯ ಚಿಕಿತ್ಸೆಯಿಂದ ಬಾಧೆಪಟ್ಟವರಿರುವುದೇ ಈ ಎಚ್ಚರಿಕೆಗೆ ಕಾರಣ. ಅಂಥವರನ್ನು ಇಂದು ಚಿಕಿತ್ಸೆಗೆ ಆತುರಪಡದೆ ಕ್ರಮವಾಗಿ ಪರೀಕ್ಷಿಸುತ್ತ ಕಾಯುವ ಪದ್ಧತಿಯೂ ಇದೆ.

ರೋಗ ಹರಡಿದ ಮೇಲೂ ಮಾಡಬಹುದಾದದ್ದು ಬಹಳವಿದೆ. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗ್ಗಿನ್ಸ್ ಎಂಬ ವೈದ್ಯರು 1941ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಲಭಿಸಿತು. ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ಅವರಿಗೆ 2001ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ತಿಳಿಯಿತು. ವಿಕಿರಣ ಚಿಕಿತ್ಸೆ ಪಡೆದ ಅವರು 2013ರ ತನಕ, 95ರ ವಯಸ್ಸಿನವರೆಗೆ ಬದುಕಿದರು.

ಎಲ್ಲವೂ ಪ್ರಾಸ್ಟೇಟ್ ಅಲ್ಲ

ರಾತ್ರಿ ಪದೇ ಪದೇ ಏಳುವುದಕ್ಕೆ ಸಕ್ಕರೆ ಕಾಯಿಲೆಯೂ ಕಾರಣವಿರಬಹುದು. ಕಾಲು ಬಾತಿರುವ ಹೃದ್ರೋಗಿಗಳಲ್ಲೂ ಹೀಗಾಗುತ್ತದೆ. ಉರಿಮೂತ್ರದೊಡನೆ ಚಳಿಜ್ವರ ಬಂದರೆ ಸೋಂಕಿನ ಸೂಚನೆ. ಅಂಗಡಿಯ ಮಾತ್ರೆಯಿಂದ ಅದನ್ನು ಮುಚ್ಚಿಹಾಕಬಾರದು.

ಮೂತ್ರದಲ್ಲಿ ರಕ್ತ ಕಂಡರೆ, ಅದೂ ನೋವಿಲ್ಲದೆ ಕಂಡರೆ, ಒಂದೇ ಸಲ ಬಂದು ನಿಂತರೂ ನಿರ್ಲಕ್ಷಿಸುವಂತಿಲ್ಲ. ಮೂತ್ರಕೋಶದ ಕ್ಯಾನ್ಸರ್ ಹೀಗೆಯೇ ತಲೆದೋರುತ್ತದೆ. ಅದಕ್ಕೆ ಮುಖ್ಯ ಕಾರಣ ಬೀಡಿ, ಸಿಗರೇಟು. ಹೊಗೆಯ ವಿಷ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಇಳಿದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ.

ಇನ್ನು ಕಲ್ಲಿನ ವಿಷಯ. ಕರಾವಳಿಯ ಸೆಕೆಯಲ್ಲಿ ಬೆವರು ಸುರಿಸಿ ದುಡಿಯುವವರಲ್ಲಿಯೂ, ಗಲ್ಫ್ ದೇಶಗಳಲ್ಲಿ ಬಿಸಿಲಿನಲ್ಲಿ ಕೆಲಸ ಮಾಡುವ ನಮ್ಮ ಯುವಕರಲ್ಲಿಯೂ ದೇಹದ ನೀರು ಬತ್ತಿ ಮೂತ್ರ ಗಟ್ಟಿಯಾಗುವುದರಿಂದ ಕಲ್ಲು ಹುಟ್ಟುತ್ತದೆ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳು ಹೆಚ್ಚಾಗಿ ತಾವಾಗಿಯೇ ಹೊರಹೋಗುತ್ತವೆ. ಒಮ್ಮೆ ಕಲ್ಲು ಬಂದವರು ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕು. ಒಣಮೀನು, ಉಪ್ಪಿನಕಾಯಿಯ ಉಪ್ಪನ್ನು ತಗ್ಗಿಸಬೇಕು. ಹಾಲು, ಮೊಸರು ಬಿಡಬೇಕೆಂಬುದು ತಪ್ಪು ತಿಳಿವಳಿಕೆ. ಬಿಯರ್ ಕುಡಿದರೆ ಕಲ್ಲು ಕರಗುತ್ತದೆಂಬ ಮಾತು ನಮ್ಮ ಸಮಾಜದಲ್ಲಿ ಬಹಳ ಪ್ರಚಲಿತ; ಅದು ಕುಡಿಯಲು ಒಂದು ನೆಪವೇ ಹೊರತು ಚಿಕಿತ್ಸೆಯಲ್ಲ. ಬಾಳೆದಿಂಡಿನ ಪಲ್ಯ ಉಣ್ಣಲು ಅಡ್ಡಿಯಿಲ್ಲ, ಆದರೆ ಅದನ್ನು ನಂಬಿ ಆಸ್ಪತ್ರೆಗೆ ಹೋಗದೆ ಇರಬಾರದು. ಕಲ್ಲಿನ ನೋವಿನೊಡನೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಮಕ್ಕಳಿರುವ ತಂದೆತಾಯಂದಿರಿಗೂ ಒಂದು ಮಾತು. ಹದಿಹರೆಯದ ಹುಡುಗರಲ್ಲಿ ಕೆಲವೊಮ್ಮೆ ವೃಷಣವು ತಿರುಚಿಕೊಂಡು ರಕ್ತಸಂಚಾರ ನಿಂತುಹೋಗುತ್ತದೆ. ಹಠಾತ್ತಾಗಿ ತೀವ್ರ ನೋವು, ವಾಂತಿ ಅದರ ಲಕ್ಷಣ. ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಹೆಚ್ಚಾಗಿ ವೃಷಣವನ್ನು ಉಳಿಸಬಹುದು. ಹುಡುಗ ನಾಚಿ ಹೊಟ್ಟೆನೋವೆಂದಷ್ಟೇ ಹೇಳುತ್ತಾನೆ. ತಾಯಿ ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತಾಳೆ. ಬೆಳಗಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎಲ್ಲಿ ನೋವಾದರೂ ತಂದೆಯಲ್ಲಿ ಹೇಳಬಹುದೆಂಬ ಧೈರ್ಯವನ್ನು ಮಗನಿಗೆ ಚಿಕ್ಕಂದಿನಲ್ಲಿಯೇ ಕೊಟ್ಟಿರಬೇಕು.

ಲಜ್ಜೆ ಮತ್ತು ಮೌನ

ಲಜ್ಜೆ ಒಂದು ಸದ್ಗುಣ. ದೇಹವನ್ನು ಗೌರವದಿಂದ ಮರೆಮಾಡಿಕೊಳ್ಳಲು ಅದು ನಮಗೆ ಕಲಿಸುತ್ತದೆ. ಆದರೆ ಅದೇ ದೇಹ ಸಹಾಯ ಬೇಡುವಾಗ ಅದರ ಬಾಯಿ ಮುಚ್ಚಿಸುವುದು ಲಜ್ಜೆಯ ಕೆಲಸವಲ್ಲ. ಮೂತ್ರಪಿಂಡ ಹೃದಯದಷ್ಟೇ ದೇವರ ಸೃಷ್ಟಿ. ಎದೆನೋವನ್ನು ನೆರೆಹೊರೆಗೆಲ್ಲ ಹೇಳಿಕೊಳ್ಳುವ ನಾವು ಮೂತ್ರದ ತೊಂದರೆಯನ್ನು ಪತ್ನಿಗೂ ಹೇಳದೆ ಇರುವುದಕ್ಕೆ ಯಾವ ತರ್ಕವೂ ಇಲ್ಲ. ಪುರುಷನೆಂದರೆ ದೃಢಕಾಯನಾಗಿರಬೇಕು, ಮುಪ್ಪಿನಲ್ಲೂ ಸೋಲಬಾರದು ಎಂಬ ಹಮ್ಮು ಇದರ ಹಿಂದೆ ಇದೆಯೆಂದು ನಮಗನಿಸುತ್ತದೆ.

2024ರ ಜನವರಿಯಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಚಾರ್ಲ್ಸ್ ಅವರು ತಮಗೆ ಪ್ರಾಸ್ಟೇಟ್ ಗ್ರಂಥಿ ಬೆಳೆದಿದೆಯೆಂದೂ ಚಿಕಿತ್ಸೆ ಪಡೆಯಲಿದ್ದೇವೆಂದೂ ಬಹಿರಂಗವಾಗಿ ತಿಳಿಸಿದರು. ಆ ಬಳಿಕ ಆ ದೇಶದಲ್ಲಿ ಈ ವಿಷಯದ ಮಾಹಿತಿ ಹುಡುಕಿದವರ ಸಂಖ್ಯೆ ಒಮ್ಮೆಗೇ ಏರಿತು. ದೊರೆಯ ಮುಂದೆ ನಿಲ್ಲಲು ರೂಸೋ ಯಾವ ಬಾಧೆಗಾಗಿ ಅಂಜಿದ್ದನೋ, ಅಂಥದೇ ಬಾಧೆಯನ್ನು 271 ವರ್ಷಗಳ ಬಳಿಕ ಒಬ್ಬ ದೊರೆಯೇ ಲೋಕಕ್ಕೆ ಹೇಳಿಕೊಂಡರು.

ಪರೋಪದೇಶ ಸುಲಭವೆಂಬುದನ್ನು ನಾವೂ ಬಲ್ಲೆವು. ಗುರ್ಕಾರರನ್ನು ಆಸ್ಪತ್ರೆಗೆ ಸೇರಿಸಿದ ಆ ಕಾಲದಲ್ಲಿ ಸ್ವತಃ ನಾವು ರಾತ್ರಿ ಮೂರು ಸಲ ಏಳುತ್ತಿದ್ದೆವು. ನಮ್ಮ ವಯಸ್ಸು ಐವತ್ತು ದಾಟಿತ್ತು. ಅಡುಗೆಯವನಿಗೆ ತಿಳಿಯಬಾರದೆಂದು ದೀಪ ಹಾಕದೆ ಗೋಡೆ ಹಿಡಿದು ನಡೆಯುತ್ತಿದ್ದೆವು. ಹಬ್ಬ ಕಳೆದು ಒಂದು ತಿಂಗಳಾದ ಮೇಲೆ ನಾವೂ ಮೂತ್ರರೋಗ ತಜ್ಞರ ಬಾಗಿಲಲ್ಲಿ ಸರದಿಗೆ ಕುಳಿತೆವು. ಅಲ್ಲಿ ನಮ್ಮ ಧರ್ಮಕೇಂದ್ರದ ಮೂವರು ಹಿರಿಯರು ಮೊದಲೇ ಕುಳಿತಿದ್ದರು. ನಾಲ್ವರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಈಗ ನಾವು ದಿನಕ್ಕೊಂದು ಮಾತ್ರೆ ಸೇವಿಸುತ್ತಿದ್ದೇವೆ. ರಾತ್ರಿ ಒಮ್ಮೆ ಎದ್ದರೆ ಸಾಕಾಗುತ್ತದೆ.

ಒಂದು ಭಾನುವಾರ ಅದೇ ಪ್ರವಚನ ಪೀಠದಿಂದ, ಹಿಂದೆ ಆಡಿದ ಚುಚ್ಚುಮಾತಿಗಾಗಿ ಕ್ಷಮೆ ಯಾಚಿಸಿದೆವು. ಇಗರ್ಜಿಯ ಹಿಂದಿನ ಶೌಚಾಲಯಕ್ಕೆ ಹಾಕುತ್ತಿದ್ದ ಬೀಗವನ್ನು ಪೂಜೆಯ ವೇಳೆ ತೆಗೆಸಿದೆವು, ದಾರಿಗೊಂದು ದೀಪವನ್ನೂ ಹಾಕಿಸಿದೆವು. ಮನೆಗಳಲ್ಲಿಯೂ ಇಂಥ ಸಣ್ಣ ಕೆಲಸಗಳಿಂದ ಹಿರಿಯರಿಗೆ ಬಹಳ ಸಹಾಯವಾಗುತ್ತದೆ. ರಾತ್ರಿ ಹಾದಿಯಲ್ಲೊಂದು ಮಂದ ದೀಪ ಉರಿಯಲಿ, ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ತಪ್ಪೀತು. ಪ್ರಯಾಣದಲ್ಲಿ ಅವರು ಕೇಳುವ ಮೊದಲೇ ವಾಹನ ನಿಲ್ಲಿಸಿ. ಪತ್ನಿಯರು ಸಂಕೋಚಪಡದೆ ವಿಚಾರಿಸಿ. ಗಂಡುಮಕ್ಕಳು ವೈದ್ಯರಲ್ಲಿಗೆ ತಾವೇ ಜತೆಯಾಗಿ ಹೋಗಿ.

ಗುರ್ಕಾರರಿಗೆ ಶಸ್ತ್ರಚಿಕಿತ್ಸೆಯಾಗಿ ಈಗ ಎರಡು ವರ್ಷ ಕಳೆದಿದೆ. ಮೂತ್ರ ಸರಾಗವಾಗಿದೆ. ಮೂತ್ರಪಿಂಡಗಳ ಶಕ್ತಿ ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಆಹಾರದಲ್ಲಿ ಪಥ್ಯ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮುಂದುವರಿದಿದೆ. ನಾಲ್ಕು ವರ್ಷ ಮೊದಲೇ ಹೋಗಿದ್ದರೆ ಒಂದು ಮಾತ್ರೆಯಿಂದ ಮುಗಿಯುವ ಸಾಧ್ಯತೆಯಿತ್ತೆಂದು ವೈದ್ಯರು ಹೇಳಿದ್ದಾರೆ. ಕಳೆದ ಬೇಸಿಗೆಯಲ್ಲಿ ಅವರು ಪತ್ನಿಯೊಡನೆ ರಾತ್ರಿ ಬಸ್ಸಿನಲ್ಲಿಯೇ ಬೆಂಗಳೂರಿಗೆ ಹೋಗಿ ಮೊಮ್ಮಗಳನ್ನು ನೋಡಿ ಬಂದರು. "ಜ್ಞಾನಸ್ನಾನ ತಪ್ಪಿತು ಫಾದರ್, ಪ್ರಥಮ ಪರಮಪ್ರಸಾದಕ್ಕೆ ಹೋಗಿಯೇ ಹೋಗುತ್ತೇನೆ" ಎಂದು ಮೊನ್ನೆ ಹೇಳಿದರು. ಅವರು ಈಗಲೂ ಕೊನೆಯ ಬೆಂಚಿನಲ್ಲೇ ಕುಳಿತುಕೊಳ್ಳುತ್ತಾರೆ. ಹೊಸದಾಗಿ ಯಾರಾದರೂ ಅಲ್ಲಿ ಬಂದು ಕುಳಿತು ಪ್ರವಚನದ ನಡುವೆ ಎದ್ದು ಹೋದರೆ, ಪೂಜೆ ಮುಗಿದ ಮೇಲೆ ಅವರನ್ನು ಮರದಡಿಗೆ ಕರೆದು ಮಾತಾಡಿಸುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡಿದ್ದಾರೆ.